ಕೊಲೆಸ್ಟರಾಲ್ ಎಂದರೇನು?

ಮದುವೆಯ ಪಂಕ್ತಿಯಲ್ಲಿ ತುಪ್ಪದ ಮಿಳ್ಳೆ ಹಿಡಿದು ಬರುವವನನ್ನು ಕಂಡೊಡನೆ ಎಲೆಗೆ ಕೈ ಅಡ್ಡ ಹಿಡಿದು, "ಬೇಡಪ್ಪಾ, ಕೊಲೆಸ್ಟರಾಲ್" ಎನ್ನುವವರು ಈಗ ಸಾಲಿಗೆ ಇಬ್ಬರು ಮೂವರಾದರೂ ಸಿಗುತ್ತಾರೆ. ಅವರಲ್ಲಿ ಕೆಲವರು ಅರ್ಧ ಗಳಿಗೆಯ ಮೇಲೆ ಹೋಳಿಗೆಯನ್ನು ಮೂರನೆಯ ಸಲ ಹಾಕಿಸಿಕೊಳ್ಳುವುದೂ ಉಂಟು. ಇಷ್ಟೊಂದು ಜನರ ನಾಲಗೆಯ ಮೇಲೆ ಆಡುವ ಈ ಶಬ್ದದ ಅರ್ಥವನ್ನು ಕೇಳಿದರೆ ಮಾತ್ರ, "ರಕ್ತದಲ್ಲಿರುವ ಕೊಬ್ಬು" ಎಂಬುದರಿಂದ ಆಚೆಗೆ ಉತ್ತರ ಹೋಗುವುದಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ರಸಾಯನಶಾಸ್ತ್ರಕ್ಕೂ ನನಗೂ ಹತ್ತನೆಯ ತರಗತಿಯಲ್ಲಿಯೇ ಸಂಬಂಧ ಕಡಿದುಹೋಯಿತು. ಆದರೂ ಮುಂದೆ ಹೇಳಲಿರುವ ಒಂದು ಕಾರಣದಿಂದ ಈ ವಿಷಯವನ್ನು ಓದಿ ತಿಳಿದುಕೊಳ್ಳಬೇಕಾಗಿ ಬಂದಿತು. ಓದಿದಂತೆಲ್ಲ, ಇದು ನಮ್ಮಂಥ ಕಲಾ ವಿಭಾಗದವರಿಗೂ ತಿಳಿಯದ ಸಂಗತಿಯೇನಲ್ಲವೆಂದು ಮನದಟ್ಟಾಯಿತು. ಆದುದರಿಂದ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ವಿದ್ವಾಂಸರು ಮನುಷ್ಯನ ಪಿತ್ತಕೋಶದಲ್ಲಿ ಬೆಳೆಯುವ ಕಲ್ಲುಗಳನ್ನು ಪರೀಕ್ಷಿಸುತ್ತಿದ್ದಾಗ ಬೆಳ್ಳಗಿನ, ಮೇಣದಂಥ ಒಂದು ವಸ್ತುವನ್ನು ಕಂಡರು. 1815ರಲ್ಲಿ ಷೆವ್ರೂಲ್ ಎಂಬ ರಸಾಯನಜ್ಞ ಅದಕ್ಕೆ ಕೊಲೆಸ್ಟರೀನ್ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಕೊಲೆ ಎಂದರೆ ಪಿತ್ತ, ಸ್ಟೆರಿಯೋಸ್ ಎಂದರೆ ಘನವಾದುದು. ಅಂದರೆ ನಮ್ಮ ಮಾತಿನಲ್ಲಿ ಘನಪಿತ್ತವೆನ್ನಬಹುದು. ಈ ಶಬ್ದದಲ್ಲಿರುವ 'ಕೊಲೆ'ಗೂ ಕನ್ನಡದ ಕೊಲೆಗೂ ಯಾವ ಸಂಬಂಧವೂ ಇಲ್ಲವೆಂದು ಭಾಷಾವಿಜ್ಞಾನದ ಮಿತ್ರರು ದಯವಿಟ್ಟು ಗಮನಿಸಬೇಕು. ಹೆಸರಿಟ್ಟ ಮಹಾನುಭಾವನೇನೋ ಕೊಬ್ಬುಗಳ ಅಧ್ಯಯನದಲ್ಲಿಯೇ ಆಯುಷ್ಯ ಸವೆಸಿ, 102 ವರ್ಷ ಬಾಳಿ 1889ರಲ್ಲಿ ತೀರಿಕೊಂಡ.

ಕೊಲೆಸ್ಟರಾಲಿನ ಒಂದು ಅಣುವಿನಲ್ಲಿ 27 ಇಂಗಾಲದ, 46 ಜಲಜನಕದ ಪರಮಾಣುಗಳೂ ಆಮ್ಲಜನಕದ ಒಂದೇ ಒಂದು ಪರಮಾಣುವೂ ಇವೆ. ಇದು ವಿಷವಲ್ಲ, ಹೊರಗಿನಿಂದ ನುಗ್ಗಿದ ಶತ್ರುವೂ ಅಲ್ಲ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಗೋಡೆಯೂ ತಕ್ಕಷ್ಟು ಗಟ್ಟಿಯಾಗಿ, ತಕ್ಕಷ್ಟು ಮೆತ್ತಗೆ ನಿಂತಿರುವುದು ಇದರ ಬಲದಿಂದ. ಗಂಡಸಿನ ಗಂಡಸುತನ, ಹೆಂಗಸಿನ ಹೆಣ್ತನಗಳಿಗೆ ಕಾರಣವಾದ ಹಾರ್ಮೋನುಗಳು ಇದರಿಂದಲೇ ತಯಾರಾಗತಕ್ಕವು. ಉಂಡ ಜಿಡ್ಡನ್ನು ಕರಗಿಸುವ ಪಿತ್ತಲವಣಗಳಿಗೂ ಮೂಲದ್ರವ್ಯ ಇದೇ. ಬಿಸಿಲಿಗೆ ಮೈಯೊಡ್ಡಿದಾಗ ಚರ್ಮದಲ್ಲಿ ಹುಟ್ಟುವ 'ಡಿ' ಜೀವಸತ್ವ ಇದರ ದಾಯಾದಿಯಿಂದ ಆಗುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮೆದುಳು ದೇಹದಲ್ಲಿರುವ ಒಟ್ಟು ಕೊಲೆಸ್ಟರಾಲಿನಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಭಾಗವನ್ನು ತನ್ನಲ್ಲಿಟ್ಟುಕೊಂಡಿದೆ. ತಲೆಯಲ್ಲಿ ಕೊಬ್ಬು ಎಂದು ಬೈಯುವವರು ಅರಿಯದೆಯೇ ಶಾಸ್ತ್ರಸಮ್ಮತವಾದ ಮಾತನ್ನಾಡುತ್ತಿದ್ದಾರೆ!

ಇಷ್ಟು ಅವಶ್ಯಕವಾದ ವಸ್ತುವನ್ನು ದೇಹವು ಊಟದ ದಯೆಗೆ ಬಿಟ್ಟಿಲ್ಲ. ಬಹುಭಾಗವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಕಾರ್ಯದಲ್ಲಿ ಯಕೃತ್ತಿನದು ದೊಡ್ಡ ಕೈ. ವಿನೆಗರಿನಲ್ಲಿರುವ ಹುಳಿಯಂಥ ಎರಡು ಇಂಗಾಲದ ಚಿಕ್ಕ ತುಣುಕುಗಳನ್ನು ಒಂದಕ್ಕೊಂದು ಹೆಣೆದು, ಸುಮಾರು ಮೂವತ್ತು ಮೆಟ್ಟಿಲುಗಳಲ್ಲಿ ಈ ಅಣುವನ್ನು ದೇಹವು ಕಟ್ಟುವ ಬಗೆಯನ್ನು ತೋರಿಸಿಕೊಟ್ಟ ಕೊನ್ರಾಡ್ ಬ್ಲಾಕ್ ಮತ್ತು ಫಿಯೊಡೋರ್ ಲೀನೆನ್ ಎಂಬಿಬ್ಬರಿಗೆ 1964ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಶುದ್ಧ ಸಸ್ಯಾಹಾರಿಯಾಗಿದ್ದು, ಹಾಲು ತುಪ್ಪಗಳನ್ನೂ ಮುಟ್ಟದವನ ರಕ್ತದಲ್ಲಿಯೂ ಕೊಲೆಸ್ಟರಾಲ್ ಇದ್ದೇ ಇರುವುದು ಈ ಕಾರಣದಿಂದ.

ಹಾಗಾದರೆ ತೊಂದರೆಯೆಲ್ಲಿ? ತೊಂದರೆ ಸಾಗಾಣಿಕೆಯಲ್ಲಿದೆ. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ರಕ್ತವು ಬಹುಮಟ್ಟಿಗೆ ನೀರು, ಕೊಲೆಸ್ಟರಾಲ್ ಜಿಡ್ಡು. ಆದುದರಿಂದ ಅದನ್ನು ಹೊಳೆಯಲ್ಲಿ ಸಾಗಿಸಲು ಹರಿಗೋಲುಗಳು ಬೇಕು. ಈ ಹರಿಗೋಲಿನ ಹೊರಮೈ ಪ್ರೋಟೀನಿನದು, ನೀರಿಗೆ ಒಗ್ಗತಕ್ಕದ್ದು. ಒಳಗೆ ಜಿಡ್ಡಿನ ಸರಕು. 1950ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿ ಜಾನ್ ಗಾಫ್ಮನ್ ಎಂಬಾತ ರಕ್ತದ ದ್ರವವನ್ನು ಅತಿವೇಗದ ಯಂತ್ರದಲ್ಲಿ ತಿರುಗಿಸಿ, ಮೊಸರು ಕಡೆದಾಗ ಬೆಣ್ಣೆ ತೇಲುವಂತೆ ಈ ಹರಿಗೋಲುಗಳನ್ನು ತೂಕಕ್ಕನುಸಾರವಾಗಿ ಬೇರ್ಪಡಿಸಿದ. ಹಗುರವಾದವುಗಳಲ್ಲಿ ಮುಖ್ಯವಾದುದು ಎಲ್.ಡಿ.ಎಲ್., ಭಾರವಾದುದು ಎಚ್.ಡಿ.ಎಲ್. ಮೊದಲನೆಯದು ಸರಕನ್ನು ಹೊತ್ತು ಊರೂರಿಗೆ ಹಂಚಲು ಹೊರಡುತ್ತದೆ, ಎರಡನೆಯದು ಮಿಕ್ಕುದನ್ನು ಎತ್ತಿಕೊಂಡು ಯಕೃತ್ತಿಗೆ ಮರಳಿಸುತ್ತದೆ. ಜನ 'ಕೆಟ್ಟ ಕೊಲೆಸ್ಟರಾಲ್', 'ಒಳ್ಳೆಯ ಕೊಲೆಸ್ಟರಾಲ್' ಎನ್ನುವುದು ಇವನ್ನೇ. ವಾಸ್ತವವಾಗಿ ಎರಡರ ಒಳಗಿನ ಸರಕೂ ಒಂದೇ. ದೋಣಿಗಳು ಬೇರೆ ಅಷ್ಟೆ. ಒಳ್ಳೆಯದೆಂಬ ಹೆಸರನ್ನು ನಂಬಿ ಎಚ್.ಡಿ.ಎಲ್. ಅನ್ನು ಏರಿಸುವ ಟಾರ್ಸೆಟ್ರಾಪಿಬ್ ಎಂಬ ಔಷಧವೊಂದನ್ನು ಸಾವಿರಾರು ಜನರ ಮೇಲೆ ಪ್ರಯೋಗಿಸಿದರು. ಎಚ್.ಡಿ.ಎಲ್. ಏರಿತು, ಅದರೊಡನೆ ಸಾಯುವವರ ಸಂಖ್ಯೆಯೂ ಏರಿತು! 2006ರಲ್ಲಿ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಎಚ್.ಡಿ.ಎಲ್. ಕಡಮೆಯಿರುವುದು ಅಪಾಯದ ಗುರುತೇ ಹೌದು. ಆದರೆ ಗುರುತನ್ನು ಅಳಿಸಿದರೆ ಅಪಾಯ ಅಳಿಯುವುದಿಲ್ಲ.

ಎಲ್.ಡಿ.ಎಲ್. ವಿಷಯದಲ್ಲಿ ಹಾಗಲ್ಲ. ರಕ್ತದಲ್ಲಿ ಈ ಹರಿಗೋಲುಗಳು ಅಗತ್ಯಕ್ಕಿಂತ ಹೆಚ್ಚಾಗಿ, ವರ್ಷಗಟ್ಟಲೆ ತಿರುಗುತ್ತಿದ್ದರೆ, ಕೆಲವು ಅಪಧಮನಿಯ ಒಳಪದರವನ್ನು ದಾಟಿ ಗೋಡೆಯೊಳಕ್ಕೆ ಹೊಕ್ಕು ಅಲ್ಲಿಯೇ ಸಿಕ್ಕಿಬೀಳುತ್ತವೆ. ಅಲ್ಲಿ ಅವು ಕೆಡುತ್ತವೆ, ಕೊಬ್ಬರಿಯೆಣ್ಣೆ ಮಕ್ಕುವಂತೆ. ಕೆಟ್ಟುದನ್ನು ತೆಗೆದುಹಾಕಲು ರಕ್ತದ ಕಾವಲುಗಾರ ಕಣಗಳು ಬಂದು ನುಂಗುತ್ತವೆ. ನುಂಗಿ ನುಂಗಿ ಹೊಟ್ಟೆಯುಬ್ಬಿ ನೊರೆಯ ಮುದ್ದೆಗಳಂತಾಗಿ ಅಲ್ಲಿಯೇ ಸಾಯುತ್ತವೆ. ಹೀಗೆ ಗೋಡೆಯೊಳಗೆ ಗಂಜಿಯಂಥ ಒಂದು ದಿಬ್ಬ ಏಳುತ್ತದೆ, ಅದರ ಮೇಲೊಂದು ನಾರಿನ ಮುಚ್ಚಳ ಬೆಳೆಯುತ್ತದೆ. ಕೊಳಾಯಿಯಲ್ಲಿ ಪಾಚಿ ಕಟ್ಟಿದಂತೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ನನಗೆ ಆ ಉಪಮೆ ಸಮರ್ಪಕವೆನಿಸದು. ಪಾಚಿ ಒಳಮೈ ಮೇಲೆ ಕಟ್ಟುತ್ತದೆ. ಇದು ಗೋಡೆಯ ಒಳಗೇ ಬೆಳೆಯುವ ಕುರು. ಕೊಳಾಯಿ ಸ್ವಲ್ಪ ಸ್ವಲ್ಪವಾಗಿ ಕಟ್ಟಿಕೊಳ್ಳುತ್ತದೆ. ಹೃದಯಾಘಾತವಾದರೋ ಬಹುತೇಕ ಒಂದೇ ಗಳಿಗೆಯಲ್ಲಿ ಎರಗುತ್ತದೆ. ಏಕೆಂದರೆ ಎಂದೋ ಒಂದು ದಿನ ಮುಚ್ಚಳ ಬಿರಿಯುತ್ತದೆ, ಒಳಗಿನ ಗಂಜಿ ರಕ್ತಕ್ಕೆ ತಾಗುತ್ತದೆ, ಗಾಯವಾಯಿತೆಂದು ತಿಳಿದ ರಕ್ತ ಅಲ್ಲಿ ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚಿಬಿಡುತ್ತದೆ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವನು ಇಂದು ಹೋದನೆಂದು ನಾವು ಆಶ್ಚರ್ಯಪಡುತ್ತೇವೆ. ಕುರು ಮಾತ್ರ ಇಪ್ಪತ್ತು ಮೂವತ್ತು ವರ್ಷಗಳಿಂದ ಬೆಳೆಯುತ್ತಲೇ ಇತ್ತು.

ಇದು ಮುದುಕರ ಕಾಯಿಲೆಯೆಂದು ನನ್ನ ಓರಗೆಯವರು ಪುಟ ತಿರುವಿಹಾಕಬಾರದು. ಕೊರಿಯ ಯುದ್ಧದಲ್ಲಿ ಮಡಿದ 300 ಮಂದಿ ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಕೊಯ್ದು ಪರೀಕ್ಷಿಸಿ 1953ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 22. ಅವರಲ್ಲಿ ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಈ ರೋಗದ ಗುರುತುಗಳು ಆಗಲೇ ಇದ್ದುವು. ಗುಂಡು ತಗುಲದೆ ಇದ್ದಿದ್ದರೆ ಅವರಿಗೆ ತಮ್ಮೊಳಗೆ ರೋಗವಿದೆಯೆಂಬುದು ಎಷ್ಟೋ ವರ್ಷ ತಿಳಿಯುತ್ತಲೇ ಇರಲಿಲ್ಲ.

ಕೊಲೆಸ್ಟರಾಲೇ ಇದಕ್ಕೆ ಕಾರಣವೆಂದು ಸಿದ್ಧವಾಗಲು ಹಿಡಿದ ಕಾಲವೇನು ಕಡಮೆಯದಲ್ಲ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಅತ್ಯಂತ ಸ್ವಾರಸ್ಯವೆನಿಸಿದ ಭಾಗ ಇದು. 1910ರಲ್ಲಿ ಜರ್ಮನಿಯ ವಿಂಡಾಸ್, ರೋಗ ಹಿಡಿದ ಮಹಾಧಮನಿಯಲ್ಲಿ ಆರೋಗ್ಯವಂತರದಕ್ಕಿಂತ ಇಪ್ಪತ್ತು ಮಡಿಗೂ ಹೆಚ್ಚು ಕೊಲೆಸ್ಟರಾಲ್ ಇರುವುದನ್ನು ಕಂಡ. 1913ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅನಿಚ್ಕೋಫ್ ಎಂಬ ಯುವಕ, ಸೂರ್ಯಕಾಂತಿ ಎಣ್ಣೆಯಲ್ಲಿ ಶುದ್ಧ ಕೊಲೆಸ್ಟರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿದ. ಮೊಲಗಳ ರಕ್ತನಾಳಗಳಲ್ಲಿ ಮನುಷ್ಯರಲ್ಲಿರುವಂಥವೇ ದಿಬ್ಬಗಳೆದ್ದುವು. ಆದರೆ ಇಲಿಗಳಿಗೂ ನಾಯಿಗಳಿಗೂ ತಿನ್ನಿಸಿದವರಿಗೆ ಅಂಥ ಫಲ ಸಿಗಲಿಲ್ಲ. ಹುಲ್ಲು ತಿನ್ನುವ ಮೊಲದ ಪಾಡನ್ನು ಮನುಷ್ಯನಿಗೆ ಹೇಗೆ ಅನ್ವಯಿಸುವುದೆಂದು ಬಹುಜನ ನಕ್ಕರು. ವಾದ ದಶಕಗಳ ಕಾಲ ಹಾಗೆಯೇ ನಿಂತಿತು. 1948ರಲ್ಲಿ ಅಮೆರಿಕದ ಫ್ರೇಮಿಂಗ್ಹ್ಯಾಮ್ ಎಂಬ ಸಣ್ಣ ಪಟ್ಟಣದ 5,209 ಮಂದಿ ಸ್ತ್ರೀಪುರುಷರನ್ನು ಆರಿಸಿಕೊಂಡು, ಅವರ ರಕ್ತ, ರಕ್ತದೊತ್ತಡ, ಅಭ್ಯಾಸಗಳನ್ನು ಬರೆದಿಟ್ಟು ಯಾರಿಗೆ ಏನಾಗುವುದೆಂದು ಕಾಯುತ್ತ ಕುಳಿತರು. 1961ರ ವೇಳೆಗೆ ಕೊಲೆಸ್ಟರಾಲ್ ಹೆಚ್ಚಿದ್ದವರಿಗೆ, ರಕ್ತದೊತ್ತಡ ಹೆಚ್ಚಿದ್ದವರಿಗೆ ಹೃದ್ರೋಗ ಹೆಚ್ಚಾಗಿ ಬಂದುದು ಸ್ಪಷ್ಟವಾಯಿತು. ಆದರೂ ಜೊತೆಯಲ್ಲಿ ಕಾಣುವುದೆಲ್ಲ ಕಾರಣವಾಗುವುದಿಲ್ಲವಲ್ಲ!

ಕಾರಣಸಂಬಂಧದ ಕೊಂಡಿಯನ್ನು ತಂದುಕೊಟ್ಟುದು ಮಕ್ಕಳು. ಎಲ್.ಡಿ.ಎಲ್. ಹುಟ್ಟಿದಾರಭ್ಯ ಅತಿಯಾಗಿರುವ ಒಂದು ವಂಶಪಾರಂಪರ್ಯದ ರೋಗವುಂಟು. ತಾಯಿತಂದೆಗಳಿಬ್ಬರಿಂದಲೂ ಆ ದೋಷ ಇಳಿದು ಬಂದ ಮಕ್ಕಳು ಲಕ್ಷಗಳಲ್ಲಿ ಒಬ್ಬರು. ಅವರಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ ಹೃದಯಾಘಾತವಾಗುವುದುಂಟು. ಅವರು ಸಿಗರೇಟು ಸೇದಿದವರಲ್ಲ, ಕಚೇರಿಯ ಚಿಂತೆ ಹೊತ್ತವರಲ್ಲ. ಆರು ಮತ್ತು ಎಂಟು ವರ್ಷದ ಅಂಥ ತಂಗಿ ಅಣ್ಣಂದಿರನ್ನು ನೋಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ತರುಣ ವೈದ್ಯರು ಕಾರಣವನ್ನು ಹುಡುಕುತ್ತ ಹೋಗಿ, ಜೀವಕೋಶಗಳ ಹೊರಮೈ ಮೇಲೆ ಎಲ್.ಡಿ.ಎಲ್. ಹರಿಗೋಲುಗಳನ್ನು ಕಟ್ಟಿ ಒಳಗೆಳೆದುಕೊಳ್ಳುವ ದೋಣಿಗಟ್ಟೆಗಳಿರುವುದನ್ನು ಪತ್ತೆಹಚ್ಚಿದರು. ಆ ಮಕ್ಕಳಲ್ಲಿ ಈ ಕಟ್ಟೆಗಳು ಇರಲಿಲ್ಲ ಅಥವಾ ಕೆಟ್ಟಿದ್ದುವು. ಇಳಿಯಲು ರೇವಿಲ್ಲದ ಹರಿಗೋಲುಗಳು ಹೊಳೆಯಲ್ಲಿಯೇ ತಿರುಗಬೇಕು. 1985ರಲ್ಲಿ ಇವರಿಗೂ ನೊಬೆಲ್ ಪಾರಿತೋಷಕ ಸಂದಿತು. ಒಬ್ಬರೇ ಹೆತ್ತವರಿಂದ ದೋಷ ಬಂದವರು ಅಷ್ಟು ವಿರಳರಲ್ಲ, ಸುಮಾರು ಮುನ್ನೂರು ಜನರಲ್ಲಿ ಒಬ್ಬರು. ನಮ್ಮ ಕಾಲೇಜಿನಷ್ಟು ದೊಡ್ಡ ಸಂಸ್ಥೆಯಲ್ಲಿ ಮೂರು ನಾಲ್ಕು ಮಂದಿಯಾದರೂ ಇರಬಹುದೆಂದು ಲೆಕ್ಕ ಹಾಕಬಹುದು.

ಇನ್ನು ಊಟದ ವಿಚಾರ. ಸಸ್ಯಜನ್ಯ ಎಣ್ಣೆಯ ಡಬ್ಬಿಯ ಮೇಲೆ 'ಕೊಲೆಸ್ಟರಾಲ್ ರಹಿತ' ಎಂದು ಅಚ್ಚುಹಾಕುವುದು 'ಮೂಳೆ ರಹಿತ ಬದನೆಕಾಯಿ' ಎಂದಂತೆ. ಗಿಡಗಳಲ್ಲಿ ಅದು ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ. ರಕ್ತದ ಎಲ್.ಡಿ.ಎಲ್. ಅನ್ನು ಹೆಚ್ಚಾಗಿ ಏರಿಸುವುದು ನಾವು ತಿನ್ನುವ ಕೊಲೆಸ್ಟರಾಲಲ್ಲ, ಪರ್ಯಾಪ್ತ ಕೊಬ್ಬು. ಅಂದರೆ ಛಳಿಗೆ ಹೆರೆಗಟ್ಟುವ ಜಾತಿಯ ಜಿಡ್ಡು. ಅದು ಯಕೃತ್ತಿನ ದೋಣಿಗಟ್ಟೆಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ತುಪ್ಪದಲ್ಲಿ ನೂರಕ್ಕೆ ಅರವತ್ತರಷ್ಟು ಪರ್ಯಾಪ್ತ ಕೊಬ್ಬಿದ್ದರೆ ಕೊಬ್ಬರಿಯೆಣ್ಣೆಯಲ್ಲಿ ಎಂಬತ್ತಕ್ಕೂ ಮಿಕ್ಕು ಇದೆ. ಕಡಲೆಕಾಯಿ ಎಣ್ಣೆಯಲ್ಲಿ ಇಪ್ಪತ್ತರ ಒಳಗೆ. ಕೋಳಿಮೊಟ್ಟೆಯ ಹಳದಿಯಲ್ಲಿ ಇನ್ನೂರು ಮಿಲಿಗ್ರಾಂ ಸುಮಾರು ಕೊಲೆಸ್ಟರಾಲಿದ್ದರೂ ಅದರಿಂದ ಬಹುಜನರ ರಕ್ತದಲ್ಲಾಗುವ ಏರಿಕೆ ಅಲ್ಪ. ತುಪ್ಪದ ಮಿಳ್ಳೆಗೆ ಕೈ ಅಡ್ಡ ಹಿಡಿಯುವವರು ಹಾಸ್ಯಾಸ್ಪದರೆಂದು ಮೇಲೆ ಹೇಳಿದಂತೆ ತೋರಿದ್ದರೆ, ಅವರ ಕೈ ಸರಿಯಾದ ಕಡೆಗೇ ಹೋಗಿದೆಯೆಂದು ಇಲ್ಲಿ ಸೇರಿಸುತ್ತೇನೆ. ಅನ್ನದ ಮೇಲಿನ ಒಂದು ಚಮಚ ತುಪ್ಪದಿಂದ ಯಾರೂ ಕೆಡರು. ಬಟ್ಟಲುಗಟ್ಟಲೆ ಕುಡಿದರೆ ಒಳ್ಳೆಯದೆಂದು ಈಚೆಗೆ ಹಬ್ಬಿರುವ ಮಾತಿಗೆ ಮಾತ್ರ ಆಧಾರವಿಲ್ಲ.

ಎಲ್ಲಕ್ಕಿಂತ ಕೆಟ್ಟುದು ವನಸ್ಪತಿ. ಎಣ್ಣೆಯ ಮೂಲಕ ಜಲಜನಕವನ್ನು ಹಾಯಿಸಿ ತುಪ್ಪದಂತೆ ಗಟ್ಟಿಮಾಡಿದ ಈ ಪದಾರ್ಥ 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ನಮ್ಮ ಅಡಿಗೆಮನೆಗಳಿಗೆ ಬಂದಿತು. ಅರ್ಧಂಬರ್ಧ ಗಟ್ಟಿಯಾಗುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್.ಡಿ.ಎಲ್. ಅನ್ನು ಏರಿಸುವುದಲ್ಲದೆ ಎಚ್.ಡಿ.ಎಲ್. ಅನ್ನು ಇಳಿಸುತ್ತದೆಂದು 1990ರಲ್ಲಿ ಹಾಲೆಂಡಿನವರು ತೋರಿಸಿದರು. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಅದು ನೂರಕ್ಕೆ ಎರಡು ಪಾಲನ್ನು ಮೀರಕೂಡದೆಂದು ನಿಯಮವಾಗಿದೆ. ಇನ್ನೊಂದು ಕಡೆ, ಹುರುಳಿ, ಕಡಲೆ, ಅವರೆಗಳಂಥ ಕಾಳುಗಳೂ ಇಸಬ್‌ಗೋಲೂ ಎಲ್.ಡಿ.ಎಲ್. ಅನ್ನು ಸ್ವಲ್ಪ ಇಳಿಸುತ್ತವೆ. ಅವುಗಳಲ್ಲಿನ ಕರಗುವ ನಾರು ಕರುಳಿನಲ್ಲಿ ಪಿತ್ತಲವಣವನ್ನು ಹಿಡಿದು ಹೊರಹಾಕುವುದರಿಂದ, ಹೊಸದನ್ನು ಮಾಡಿಕೊಳ್ಳಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಎಳೆದುಕೊಳ್ಳಬೇಕಾಗುತ್ತದೆ. ಹುರುಳಿಕಟ್ಟಿನ ಸಾರನ್ನು ಕಂಡು ಮೂಗು ಮುರಿಯುವ ವಿದ್ಯಾರ್ಥಿನಿಲಯದ ಮಿತ್ರರು ಇದನ್ನು ಎರಡು ಸಲ ಓದಬೇಕೆಂದು ಕೋರಿಕೆ.

ಈಗ ನನ್ನನ್ನು ಈ ಓದಿಗೆ ಹಚ್ಚಿದ ಕಾರಣ. ನನ್ನ ದೊಡ್ಡ ಸೋದರಮಾವ ಬೇಸಾಯಗಾರ, ಕಡ್ಡಿಯಂಥ ಆಳು, ದಿನಕ್ಕೆ ನಾಲ್ಕು ಮೈಲಿ ನಡೆಯುತ್ತಿದ್ದವನು. 2021ರಲ್ಲಿ, ಅವನ 47ನೆಯ ವಯಸ್ಸಿನಲ್ಲಿ, ಕಣದಲ್ಲಿ ಎದೆನೋವು ಬಂದು ಬಿದ್ದ. ಆಸ್ಪತ್ರೆಯಲ್ಲಿ ಉಳಿಸಿದರು, ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ಮಾತ್ರೆಗಳನ್ನು ಬರೆದುಕೊಟ್ಟರು. ಎಂಟು ತಿಂಗಳ ಮೇಲೆ ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿದೆಯೆಂದು ಬಂದುದೇ ತಡ, ಕಾಯಿಲೆ ವಾಸಿಯಾಯಿತೆಂದು ಕೊಲೆಸ್ಟರಾಲಿನ ಮಾತ್ರೆಯನ್ನು ನಿಲ್ಲಿಸಿಬಿಟ್ಟ. ಆ ಮಾತ್ರೆಯಿಂದ ಮೈಕೈ ನೋವು ಬರುತ್ತದೆಂದು ಊರಿನಲ್ಲಿ ಯಾರೋ ಹೇಳಿದ್ದರಂತೆ. ಹೇಳಿದ ಮರುದಿನದಿಂದಲೇ ಅವನಿಗೆ ನೋವು ಕಾಣಿಸಿಕೊಂಡಿತ್ತು. 2023ರಲ್ಲಿ ಎರಡನೆಯ ಆಘಾತ. ಬದುಕಿದ್ದಾನೆ, ಆದರೆ ಈಗ ಅವನು ಗದ್ದೆಗೆ ಹೋಗುವುದು ನೋಡಿಕೊಂಡು ಬರುವುದಕ್ಕೆ ಮಾತ್ರ.

ಕಡ್ಡಿಯಂಥವನಿಗೆ ಹೇಗೆ ಬಂದಿತು? ಉತ್ತರದ ಒಂದು ಭಾಗ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡದಲ್ಲಿ ನೆಲಸಿದ ಡಾ. ಸಲೀಂ ಯೂಸುಫರು ನಡೆಸಿದ ಸಂಶೋಧನೆಯಲ್ಲಿದೆ. 52 ದೇಶಗಳ ಸುಮಾರು 30,000 ಜನರನ್ನೊಳಗೊಂಡ ಇಂಟರ್‌ಹಾರ್ಟ್ ಎಂಬ ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ರಕ್ತದ ಕೆಟ್ಟ ಒಳ್ಳೆಯ ಹರಿಗೋಲುಗಳ ಪ್ರಮಾಣ, ಹೊಗೆಸೊಪ್ಪು, ರಕ್ತದೊತ್ತಡ, ಸಿಹಿಮೂತ್ರ, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಸಂಗತಿಗಳು ಲೋಕದ ಬಹುಪಾಲು ಹೃದಯಾಘಾತಗಳಿಗೆ ಕಾರಣವೆಂದೂ, ದಕ್ಷಿಣ ಏಷ್ಯದವರಿಗೆ ಮೊದಲ ಆಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆಂದೂ ಅದರಿಂದ ತಿಳಿಯಿತು. ನಮ್ಮವರ ರಕ್ತದ ಲಕ್ಷಣವೇ ಬೇರೆ: ಎಲ್.ಡಿ.ಎಲ್. ಬಹಳ ಏರಿರುವುದಿಲ್ಲ, ಎಚ್.ಡಿ.ಎಲ್. ಕಡಮೆ, ಟ್ರೈಗ್ಲಿಸರೈಡ್ ಎಂಬ ಮತ್ತೊಂದು ಕೊಬ್ಬು ಹೆಚ್ಚು. ಅಕ್ಕಿ, ಸಕ್ಕರೆ, ಮೈದಾಗಳು ಹೆಚ್ಚಾದಾಗ ಈ ಎರಡನೆಯದು ಏರುತ್ತದೆ. ಹೋಳಿಗೆಯ ಮಾತು ಬಂದುದು ಇದಕ್ಕೇ. ಮಾವ ಬೀಡಿ ಸೇದುತ್ತಿದ್ದನೆಂಬುದನ್ನೂ ಹೇಳಬೇಕು.

ಅವನ ಎರಡನೆಯ ಆಘಾತದ ಮೇಲೆ ಮನೆಯವರೆಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ನನ್ನ ಚೀಟಿಯಲ್ಲಿ ಹೀಗಿತ್ತು: ಒಟ್ಟು ಕೊಲೆಸ್ಟರಾಲ್ 212, ಎಚ್.ಡಿ.ಎಲ್. 38, ಟ್ರೈಗ್ಲಿಸರೈಡ್ 160, ಎಲ್.ಡಿ.ಎಲ್. 142. ಇವು ಒಂದು ನೂರು ಮಿಲಿಲೀಟರ್ ರಕ್ತದಲ್ಲಿರುವ ಮಿಲಿಗ್ರಾಂಗಳು. ಕೊನೆಯ ಸಂಖ್ಯೆಯನ್ನು ಅನೇಕ ಕಡೆ ಅಳೆಯುವುದಿಲ್ಲ, 1972ರಲ್ಲಿ ಫ್ರೀಡ್‌ವಾಲ್ಡ್ ಎಂಬಾತ ಕೊಟ್ಟ ಲೆಕ್ಕದಿಂದ ಕಳೆದು ತೆಗೆಯುತ್ತಾರೆ: ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗ 32, ಅದಕ್ಕೆ 38 ಕೂಡಿಸಿದರೆ 70, ಅದನ್ನು 212ರಲ್ಲಿ ಕಳೆದರೆ 142. ಸಾಮಾನ್ಯರಿಗೆ ಎಲ್.ಡಿ.ಎಲ್. 100ರ ಒಳಗಿರುವುದು ಮೇಲು, ಎಚ್.ಡಿ.ಎಲ್. ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಕಡಮೆಯಾಗಬಾರದು. ಟ್ರೈಗ್ಲಿಸರೈಡ್ 150ರ ಕೆಳಗಿರಬೇಕು. ಅಂತೂ ಒಂದು ವಿಷಯದಲ್ಲಿಯೂ ನಾನು ತೇರ್ಗಡೆಯಾಗಿರಲಿಲ್ಲ. ವಯಸ್ಸು ಇಪ್ಪತ್ತು! ಡಾಕ್ಟರು ಮಾತ್ರೆ ಕೊಡಲಿಲ್ಲ. ಕರಿದ ತಿಂಡಿ, ಸಿಹಿಗಳನ್ನು ಕಡಮೆಮಾಡು, ದಿನವೂ ಬೆವರು ಬರುವಂತೆ ನಡೆ, ಆರು ತಿಂಗಳಿಗೆ ಮತ್ತೆ ತೋರಿಸು ಎಂದರು. ಅದರಂತೆ ನಡೆದು ಎಲ್.ಡಿ.ಎಲ್. 121ಕ್ಕೆ ಇಳಿದಿದೆ.

ಮಾವ ನಿಲ್ಲಿಸಿದ ಮಾತ್ರೆಯ ಹುಟ್ಟನ್ನೂ ಹೇಳಬೇಕು. ಜಪಾನಿನ ಅಕೀರಾ ಎಂಡೋ ಎಂಬಾತ, ಬೂಷ್ಟುಗಳು ತಮ್ಮ ವೈರಿಗಳಾದ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಕೊಲೆಸ್ಟರಾಲಿನಂಥ ವಸ್ತುಗಳ ತಯಾರಿಕೆಯನ್ನೇ ತಡೆಯುತ್ತಿರಬಹುದೆಂದು ಊಹಿಸಿ, ಎರಡು ವರ್ಷಗಳಲ್ಲಿ ಸುಮಾರು 6,000 ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿದ. 1973ರಲ್ಲಿ, ಅಕ್ಕಿಯ ಮೇಲೆ ಬೆಳೆದಿದ್ದ ನೀಲಿಹಸುರು ಬೂಷ್ಟೊಂದರಲ್ಲಿ ಬೇಕಾದುದು ಸಿಕ್ಕಿತು. ಸ್ಟ್ಯಾಟಿನ್ ಎಂಬ ಔಷಧಗಳ ಮೂಲಪುರುಷ ಅದು. ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆ ಕುಗ್ಗಿದಾಗ ಅದು ಹೆಚ್ಚು ದೋಣಿಗಟ್ಟೆಗಳನ್ನು ಕಟ್ಟಿ ರಕ್ತದ ಎಲ್.ಡಿ.ಎಲ್. ಅನ್ನು ಸೆಳೆದುಕೊಳ್ಳುತ್ತದೆ. 1994ರಲ್ಲಿ ಸ್ಕ್ಯಾಂಡಿನೇವಿಯದ 4,444 ಮಂದಿ ಹೃದ್ರೋಗಿಗಳ ಮೇಲಿನ ಪ್ರಯೋಗದ ಫಲ ಹೊರಬಿದ್ದಿತು: ಮಾತ್ರೆ ತಿಂದವರಲ್ಲಿ ಸಾವು ನೂರಕ್ಕೆ ಮೂವತ್ತರಷ್ಟು ಕಡಮೆ. ಮೊಲವನ್ನು ಕಂಡು ನಕ್ಕವರ ನಗೆ ಅಂದಿಗೆ ನಿಂತಿತು. ಮಾತ್ರೆ ನುಂಗುತ್ತಿರುವಷ್ಟು ದಿನ ಮಾತ್ರ ಈ ಫಲ. ಬಿಟ್ಟರೆ ಕೆಲವು ವಾರಗಳಲ್ಲಿ ಎಲ್.ಡಿ.ಎಲ್. ಮೊದಲಿದ್ದಲ್ಲಿಗೆ ಏರುತ್ತದೆ. ಎಂಡೋ 2024ರಲ್ಲಿ ತೊಂಬತ್ತು ವರ್ಷ ತುಂಬಿ ನಿಧನನಾದ.

ಮೈಕೈ ನೋವಿನ ದೂರಿಗೂ ಲಂಡನ್ನಿನಲ್ಲಿ ಒಂದು ಸೊಗಸಾದ ಪರೀಕ್ಷೆ ನಡೆದು 2020ರಲ್ಲಿ ಪ್ರಕಟವಾಯಿತು. ತೊಂದರೆಯೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ತಲಾ ಹನ್ನೆರಡು ಸೀಸೆಗಳನ್ನು ತಿಂಗಳಿಗೊಂದರಂತೆ ಕೊಟ್ಟರು: ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಔಷಧವಿಲ್ಲದ ಹುಸಿಮಾತ್ರೆ, ನಾಲ್ಕು ಖಾಲಿ. ಖಾಲಿ ಸೀಸೆಯ ತಿಂಗಳುಗಳಲ್ಲಿ ನೋವು ಕಡಮೆ. ಮಾತ್ರೆಯ ತಿಂಗಳುಗಳಲ್ಲಿ ಹೆಚ್ಚು. ಆದರೆ ಆ ಹೆಚ್ಚಳದಲ್ಲಿ ನೂರಕ್ಕೆ ತೊಂಬತ್ತು ಪಾಲು ಹುಸಿಮಾತ್ರೆಯಿಂದಲೂ ಬಂದಿತ್ತು! ನೋವು ಸುಳ್ಳಲ್ಲ, ನೋವಿಗೆ ಕೊಟ್ಟ ಕಾರಣ ಸುಳ್ಳು. ನಿಜವಾಗಿ ಸ್ನಾಯುಗಳಿಗೆ ತೊಂದರೆಯಾಗುವವರೂ ಕೆಲವರುಂಟು, ಸಿಹಿಮೂತ್ರದ ಸಂಭವವೂ ತುಸು ಹೆಚ್ಚುತ್ತದೆ. ಅದನ್ನು ಡಾಕ್ಟರಿಗೆ ಹೇಳಿ ಪ್ರಮಾಣವನ್ನೋ ಔಷಧವನ್ನೋ ಬದಲಿಸಿಕೊಳ್ಳಬಹುದು. ಮಾವನಿಗೆ ಈ ಸೀಸೆಗಳ ಕಥೆಯನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಖಾಲಿ ಸೀಸೆಗೂ ಕಾಸು ತೆಗೆದುಕೊಂಡರೇನೋ?" ಎಂದು ಕೇಳಿದ. ಈಗ ರಾತ್ರಿಯ ಮಾತ್ರೆಯನ್ನು ಅತ್ತೆಯೇ ಕೈಗೆ ಕೊಟ್ಟು, ನುಂಗುವವರೆಗೆ ಎದುರಿನಲ್ಲಿ ನಿಂತಿರುತ್ತಾಳೆ.

ಭಾರತದ ಹೃದ್ರೋಗತಜ್ಞರ ಸಂಘ 2024ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಮೊದಲ ಪರೀಕ್ಷೆಗೆ ತಕ್ಕ ವಯಸ್ಸು 18; ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗವಿದ್ದರೆ ಇನ್ನೂ ಮುಂಚೆಯೇ ಆಗಬೇಕು. ಸಾಮಾನ್ಯವಾಗಿ ಉಪವಾಸವಿರಬೇಕಾದ ಅಗತ್ಯವೂ ಇಲ್ಲವೆನ್ನುತ್ತಾರೆ. ಬೇಸಗೆಯ ರಜೆಗೆ ಊರಿಗೆ ಹೋದಾಗ ಅಜ್ಜ, ದೊಡ್ಡಪ್ಪ, ಸೋದರಮಾವಂದಿರು ಯಾವ ವಯಸ್ಸಿನಲ್ಲಿ, ಏನಾಗಿ ತೀರಿಕೊಂಡರೆಂದು ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ. 'ಎದೆ ಹಿಡಿದುಕೊಂಡು ಹೋದ' ಎಂಬ ಉತ್ತರ ಐವತ್ತೈದರ ಒಳಗಿನವರ ವಿಷಯದಲ್ಲಿ ಬಂದರೆ, ಆ ಕಾಗದವನ್ನೂ ಹಿಡಿದುಕೊಂಡು ಡಾಕ್ಟರ ಬಳಿಗೆ ಹೋಗಬೇಕು.